ಪಿಡಿಎಫ್ ಫಾರಂ ಕೆಲಸ: ಎಲ್ಲಿ ದುಡ್ಡು ಬೇಕು, ಎಲ್ಲಿ ಬೇಡ

ಪ್ರಶ್ನೆ: ತಿಪಟೂರಿನಲ್ಲಿ ಸಣ್ಣದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಎರಡು ಸಿಸ್ಟಂ ಇವೆ, ಎರಡೂ ವಿಂಡೋಸ್. ದಿನಾ ಜನ ವಾಟ್ಸಾಪ್‌ನಲ್ಲಿ ಪಿಡಿಎಫ್ ಫಾರಂ ಕಳಿಸಿ ತುಂಬಿಕೊಡಿ ಅಂತಾರೆ. ಬ್ಯಾಂಕಿನ ಕೆವೈಸಿ, ಕಾಲೇಜು ಅರ್ಜಿ, ಪಂಚಾಯ್ತಿಗೆ ಕೊಡುವ ಕನ್ನಡದ ಅರ್ಜಿ, ಆಗಾಗ ವೀಸಾ ಫಾರಂ. ಕೆಲವು ತೆರೆಯೋದೇ ಇಲ್ಲ. ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಹೋಗುತ್ತೆ. ಇಲ್ಲಿನ ಒಂದು ಶಾಲೆಯವರು ತಮ್ಮ ಪ್ರವೇಶ ಅರ್ಜಿಯನ್ನು ಕಂಪ್ಯೂಟರ್‌ನಲ್ಲೇ ತುಂಬುವ ಹಾಗೆ ಮಾಡಿಕೊಡಿ ಅಂದಿದ್ದಾರೆ. ಪಿಡಿಎಫ್ ತಿದ್ದುವ ಅಡೋಬ್ ಕಂಪನಿಯ ಸಾಫ್ಟ್‌ವೇರ್ ಅಕ್ರೊಬ್ಯಾಟ್ ಪ್ರೊಗೆ ಚಂದಾ ಕಟ್ಟೋದು ನನಗೆ ಭಾರ. ಪರಿಚಯದವರೊಬ್ಬರು 500 ರೂಪಾಯಿಗೆ ‘ಲೈಫ್‌ಟೈಮ್’ ಹಾಕಿಕೊಡುತ್ತೇನೆ ಅಂತಿದ್ದಾರೆ. ಹಾಕಿಸಲಾ? ಇಲ್ಲ ಕಡಿಮೆ ಖರ್ಚಿನದು ಬೇರೆ ಏನಾದರೂ ಇದೆಯಾ?

ಉತ್ತರ: ಮೊದಲು ಆ 500 ರೂಪಾಯಿಯ ವಿಷಯ ಮುಗಿಸಿಬಿಡೋಣ. ಬೇಡ. ಅಡೋಬ್ ಕಂಪನಿ ಆ ಬೆಲೆಗೆ ಅಕ್ರೊಬ್ಯಾಟ್ ಪ್ರೊ ಲೈಫ್‌ಟೈಮ್ ಮಾರುವುದಿಲ್ಲ. ಅದು ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಬೀಗ ಮುರಿದ ಕಳ್ಳ ಪ್ರತಿ. ಅದನ್ನು ಹಾಕುವಾಗ ಸ್ವಲ್ಪ ಹೊತ್ತು ಆಂಟಿವೈರಸ್ ಆಫ್ ಮಾಡಿ ಅಂತಾರೆ, ಅಲ್ವಾ? ಆ ಹೊತ್ತಿನಲ್ಲಿ ಒಳಗೆ ಏನು ಬಂದು ಕೂತಿತು ಅನ್ನೋದು ನಿಮಗೂ ಗೊತ್ತಾಗಲ್ಲ, ಹಾಕಿದವರಿಗೂ ಗೊತ್ತಿರಲ್ಲ. ನಿಮ್ಮ ಸಿಸ್ಟಂನಲ್ಲಿ ಊರ ಜನರ ಆಧಾರ್, ಪಾಸ್‌ಬುಕ್, ಅಂಕಪಟ್ಟಿ ಎಲ್ಲ ಓಡಾಡುತ್ತವೆ. ಮನೆಯ ಕಂಪ್ಯೂಟರ್ ಆಗಿದ್ದರೂ ಬೇಡ ಅನ್ನುತ್ತಿದ್ದೆ, ಅಂಗಡಿಗಂತೂ ಖಂಡಿತ ಬೇಡ.

ಇನ್ನು ನೀವು ಬರೆದಿರುವ ಕೆಲಸಗಳನ್ನು ನೋಡಿದರೆ, ಒಂದಕ್ಕೂ ಅಕ್ರೊಬ್ಯಾಟ್ ಪ್ರೊ ಬೇಕಿಲ್ಲ. ಬಹುಪಾಲು ಪುಕ್ಕಟೆ ಆಗುತ್ತವೆ. ಆದರೆ ಒಂದೇ ಸಾಫ್ಟ್‌ವೇರ್‌ನಿಂದ ಎಲ್ಲವೂ ಆಗಲ್ಲ. ಫಾರಂ ತುಂಬೋದು, ಇರುವ ಪಿಡಿಎಫ್ ತಿದ್ದೋದು, ಹೊಸ ಫಾರಂ ಮಾಡೋದು, ಇವು ಮೂರು ಬೇರೆ ಬೇರೆ ಕೆಲಸ. ಮೂರನ್ನೂ ಸೇರಿಸಿ ‘ಪಿಡಿಎಫ್ ಎಡಿಟರ್’ ಅಂತ ಹುಡುಕಿದರೆ ದುಬಾರಿ ಸಾಫ್ಟ್‌ವೇರ್‌ಗಳೇ ಮುಂದೆ ಬಂದು ನಿಲ್ಲುತ್ತವೆ. ಹಾಗಾಗಿ ಗಿರಾಕಿ ಫೈಲ್ ಕಳಿಸಿದ ತಕ್ಷಣ ನೋಡಬೇಕಾದ್ದು ಅದು ಯಾವ ಬಗೆಯ ಪಿಡಿಎಫ್ ಅನ್ನೋದನ್ನು.

ಇದಕ್ಕೆ ಅರ್ಧ ನಿಮಿಷ ಸಾಕು. ಫೈಲನ್ನು ಅಡೋಬ್ ರೀಡರ್‌ನಲ್ಲೋ ಫೈರ್‌ಫಾಕ್ಸ್‌ನಲ್ಲೋ ತೆರೆಯಿರಿ. ಖಾಲಿ ಜಾಗಗಳು ತೆಳು ನೀಲಿ ಬಣ್ಣದಲ್ಲಿ ಕಂಡರೆ, ಕ್ಲಿಕ್ ಮಾಡಿದಾಗ ಕರ್ಸರ್ ಮಿನುಗಿದರೆ ಅದು ನಿಜವಾದ ತುಂಬುವ ಫಾರಂ. ಹಾಗೆ ಆಗದಿದ್ದರೆ ಅಲ್ಲಿನ ಯಾವುದಾದರೂ ಪದವನ್ನು ಮೌಸ್‌ನಿಂದ ಎಳೆದು ನೋಡಿ. ಪದ ಸೆಲೆಕ್ಟ್ ಆದರೆ ಅದು ಕಂಪ್ಯೂಟರ್‌ನಲ್ಲೇ ತಯಾರಾದ, ಆದರೆ ತುಂಬುವ ಜಾಗ ಇಲ್ಲದ ಪಿಡಿಎಫ್. ಸೆಲೆಕ್ಟ್ ಆಗದೆ ಇಡೀ ಪುಟ ಫೋಟೋ ತರಹ ವರ್ತಿಸಿದರೆ ಅದು ಸ್ಕ್ಯಾನ್. ನಾಲ್ಕನೆಯದೊಂದು ಬಗೆ ಇದೆ. ತೆರೆದರೆ ‘ಪ್ಲೀಸ್ ವೇಟ್’ ಅಂತ ಒಂದು ಪುಟ ಬಂದು ಅಲ್ಲಿಗೇ ನಿಂತುಬಿಡುತ್ತದೆ. ನೀವು ‘ತೆರೆಯೋದೇ ಇಲ್ಲ’ ಅಂದದ್ದು ಬಹುಶಃ ಇದನ್ನೇ.

ಮೊದಲ ಬಗೆಗೆ ಖರ್ಚೇ ಇಲ್ಲ. ಅಡೋಬ್ ಅಕ್ರೊಬ್ಯಾಟ್ ರೀಡರ್ ಪುಕ್ಕಟೆ. ಅದರಲ್ಲಿ ಫಾರಂ ತುಂಬಬಹುದು, ಸೇವ್ ಮಾಡಬಹುದು, ಸಹಿಯ ಚಿತ್ರ ಹಾಕಬಹುದು. ರೀಡರ್‌ನಲ್ಲಿ ತುಂಬಿದರೆ ಸೇವ್ ಆಗಲ್ಲ, ಅದಕ್ಕೆ ಪ್ರೊ ಬೇಕು ಅಂತ ಈಗಲೂ ಹಲವರು ನಂಬಿದ್ದಾರೆ. ಹಿಂದೆ ಅದು ನಿಜವೇ ಆಗಿತ್ತು. ಫಾರಂ ಮಾಡಿದವರು ವಿಶೇಷ ಅನುಮತಿ ಕೊಟ್ಟಿರದಿದ್ದರೆ ಹಳೇ ರೀಡರ್‌ನಲ್ಲಿ ತುಂಬಿದ್ದನ್ನು ಪ್ರಿಂಟ್ ತೆಗೆಯಬಹುದಿತ್ತು, ಸೇವ್ ಮಾಡಲು ಬರುತ್ತಿರಲಿಲ್ಲ. 2012ರಲ್ಲಿ ಬಂದ ರೀಡರ್ 11ರಿಂದ ಆ ತೊಂದರೆ ಹೋಯಿತು. ಈಗಿನ ರೀಡರ್‌ನಲ್ಲಿ ಬೇರೆ ಕಿರಿಕಿರಿ ಇದೆ. ಪಕ್ಕದಲ್ಲಿ ಸಾಲಾಗಿ ಬಟನ್ ಇರುತ್ತವೆ, ಅವುಗಳಲ್ಲಿ ಅನೇಕ ಒತ್ತಿದರೆ ಚಂದಾ ಕಟ್ಟುವ ಪುಟಕ್ಕೆ ಕರೆದೊಯ್ಯುತ್ತವೆ. ಅವುಗಳ ತಂಟೆಗೆ ಹೋಗಬೇಡಿ. ಫೀಲ್ಡ್‌ನಲ್ಲಿ, ಅಂದರೆ ತುಂಬುವ ಜಾಗದಲ್ಲಿ ಟೈಪ್ ಮಾಡಿ, ಟ್ಯಾಬ್ ಒತ್ತಿ ಮುಂದಕ್ಕೆ ಹೋಗಿ, ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಅಷ್ಟೇ ಕೆಲಸ.

ರೀಡರ್ ಭಾರ ಅನ್ನಿಸಿದರೆ ಫೈರ್‌ಫಾಕ್ಸ್ ಬ್ರೌಸರ್ ಇದೇ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕ್ರೋಮ್ ಮತ್ತು ಎಡ್ಜ್ ಕೂಡ ಮಾಡುತ್ತವೆ. ನಾನು ಫೈರ್‌ಫಾಕ್ಸ್ ಹೇಳೋದಕ್ಕೆ ಕಾರಣ ಇದೆ. 2022ರ ಅಕ್ಟೋಬರ್‌ನಲ್ಲಿ ಬಂದ 106ನೇ ಆವೃತ್ತಿಯಿಂದ ಅದರಲ್ಲಿ ಪಿಡಿಎಫ್ ಮೇಲೆ ಎಲ್ಲಿ ಬೇಕಾದರೂ ಪಠ್ಯ ಬರೆಯಬಹುದು, ಪೆನ್ನಿನಂತೆ ಗೀಚಬಹುದು. ಆಮೇಲೆ ಚಿತ್ರ ಸೇರಿಸುವ ಸೌಲಭ್ಯವೂ ಬಂತು. ಅಂದರೆ ತುಂಬುವ ಜಾಗ ಇಲ್ಲದ ಫಾರಂಗೂ, ಸ್ಕ್ಯಾನ್ ಮಾಡಿದ ಫಾರಂಗೂ ಅದು ಸಾಕು. ಗೆರೆಯ ಮೇಲೆ ಹೆಸರು, ವಿಳಾಸ ಬರೆದು, ಅಕ್ಷರದ ಗಾತ್ರ ಹೊಂದಿಸಿ ಸೇವ್ ಮಾಡಿದರೆ ಮುಗಿಯಿತು. ಇಂಗ್ಲಿಷ್ ಫಾರಂಗಳಿಗೆ ನಿಮ್ಮ ಅಂಗಡಿಯಲ್ಲಿ ಇದಕ್ಕಿಂತ ಜಾಸ್ತಿ ಬೇಕಾಗೋದು ಅಪರೂಪ.

ಇಲ್ಲಿ ಒಂದು ಸಮಸ್ಯೆ ಖಂಡಿತ ನಿಮಗೂ ಬಂದಿರುತ್ತದೆ. ನೀವು ತುಂಬಿ ಕಳಿಸುತ್ತೀರಿ. ಗಿರಾಕಿ ಫೋನಿನಲ್ಲಿ ತೆರೆದು ‘ಏನೂ ತುಂಬೇ ಇಲ್ವಲ್ಲ’ ಅಂತಾರೆ. ನಿಮ್ಮ ಸಿಸ್ಟಂನಲ್ಲಿ ನೋಡಿದರೆ ಎಲ್ಲ ಸರಿ ಇರುತ್ತದೆ. ಕಾರಣ ಇಷ್ಟು. ತುಂಬುವ ಫಾರಂನಲ್ಲಿ ನೀವು ಟೈಪ್ ಮಾಡಿದ ಮಾಹಿತಿ ಪುಟದ ಮೇಲೆ ಅಚ್ಚಾಗಿರುವುದಿಲ್ಲ. ಫೀಲ್ಡ್ ಅನ್ನುವ ಬೇರೊಂದು ಪದರದಲ್ಲಿ ಕೂತಿರುತ್ತದೆ. ಫೋನಿನ ಕೆಲವು ಪಿಡಿಎಫ್ ಆ್ಯಪ್‌ಗಳು ಪುಟವನ್ನಷ್ಟೇ ತೋರಿಸುತ್ತವೆ, ಆ ಪದರವನ್ನು ಬಿಟ್ಟುಬಿಡುತ್ತವೆ. ಇದಕ್ಕೆ ಮದ್ದು ಎರಡನ್ನೂ ಒಂದು ಮಾಡಿಬಿಡೋದು. ಫ್ಲ್ಯಾಟನ್ ಅಂತಾರೆ. ಬೇರೆ ಸಾಫ್ಟ್‌ವೇರ್ ಬೇಡ. ತುಂಬಿ ಮುಗಿದ ಮೇಲೆ ಪ್ರಿಂಟ್ ಕೊಡಿ, ಪ್ರಿಂಟರ್ ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿ. ವಿಂಡೋಸ್ 10ರಿಂದ ಅದು ಜೊತೆಗೇ ಬರುತ್ತದೆ. ಹಾಗೆ ಬಂದ ಫೈಲ್ ಎಲ್ಲಿ ತೆರೆದರೂ ಒಂದೇ ತರಹ ಕಾಣುತ್ತದೆ. ಗಿರಾಕಿಗೆ ಆ ಪ್ರತಿ ಕಳಿಸಿ. ತಿದ್ದುವ ಮಾತು ಬಂದರೆ ಇರಲಿ ಅಂತ ಮೂಲ ಪ್ರತಿಯನ್ನು ಕೆಲಸ ಮುಗಿಯುವ ತನಕ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಆದರೆ ‘ಪ್ಲೀಸ್ ವೇಟ್’ ಫಾರಂಗಳಿಗೆ ಈ ಉಪಾಯ ಬಳಸಲೇಬಾರದು. ಅವು ಹೊರಗಿನಿಂದ ಮಾತ್ರ ಪಿಡಿಎಫ್. ಒಳಗೆ ಇರೋದು ಎಕ್ಸ್‌ಎಫ್‌ಎ ಅನ್ನುವ ಬೇರೆಯದೇ ಫಾರಂ ವ್ಯವಸ್ಥೆ. ಸಾಮಾನ್ಯ ಪಿಡಿಎಫ್ 2008ರಲ್ಲಿ ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ ಆಯಿತು, ಹಾಗಾಗಿ ಯಾರು ಬೇಕಾದರೂ ಅದಕ್ಕೆ ಸಾಫ್ಟ್‌ವೇರ್ ಬರೆಯಬಹುದು. ಎಕ್ಸ್‌ಎಫ್‌ಎ ಮಾತ್ರ ಅಡೋಬ್‌ನ ಸ್ವಂತದ್ದಾಗಿಯೇ ಉಳಿಯಿತು. 2017ರ ಪಿಡಿಎಫ್ 2.0 ಮಾನದಂಡದಲ್ಲಿ ಅದನ್ನು ಕೈಬಿಡಬೇಕಾದ ವಸ್ತುಗಳ ಪಟ್ಟಿಗೇ ಸೇರಿಸಿದರು. ಆದರೂ ಸರ್ಕಾರಿ ಕಚೇರಿಗಳು ಅಷ್ಟು ಬೇಗ ಬಿಡುತ್ತವೆಯೇ? ನಮ್ಮ ಕಂಪನಿ ವ್ಯವಹಾರ ಸಚಿವಾಲಯದ ಇ-ಫಾರಂಗಳು ವರ್ಷಗಟ್ಟಲೆ ಹೀಗೇ ಇದ್ದವು. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಆ ಕಾಲದ ಕಥೆ ಹೇಳುತ್ತಾರೆ. 2022ರಿಂದ ಅವು ಹಂತಹಂತವಾಗಿ ವೆಬ್ ಫಾರಂ ಆಗಿ ಬದಲಾದವು.

ವೀಸಾ ಫಾರಂಗಳಲ್ಲಿ ಈ ತೊಂದರೆ ಕೊಡೋದರಲ್ಲಿ ಕೆನಡಾದ್ದೇ ಹೆಚ್ಚು ಹೆಸರುವಾಸಿ. ‘ಐಎಂಎಂ’ ಅಂತ ಶುರುವಾಗುವ ಸಂಖ್ಯೆಯ ಫಾರಂಗಳು. ಮಗ ಟೊರಾಂಟೊದಲ್ಲಿ ಓದುತ್ತಿದ್ದಾನೆ, ನೋಡಿ ಬರಬೇಕು ಅಂತ ಬರುವ ಅಪ್ಪ ಅಮ್ಮಂದಿರು ಇದನ್ನೇ ಫೋನಿನಲ್ಲಿ ಇಟ್ಟುಕೊಂಡು ಬರುತ್ತಾರೆ. ಫೋನಿನಲ್ಲಿ ಅದು ತೆರೆಯಲ್ಲ. ಫೋನಿನ ಅಡೋಬ್ ಆ್ಯಪ್‌ನಲ್ಲೂ ಆಗಲ್ಲ. ಬ್ರೌಸರ್‌ನಲ್ಲಿ ಕ್ಲಿಕ್ ಮಾಡಿದರೆ ಅದೇ ಕಾಯುವ ಪುಟ. ಮಾಡಬೇಕಾದ್ದು ಹೀಗೆ. ಲಿಂಕ್ ಮೇಲೆ ರೈಟ್ ಕ್ಲಿಕ್ ಮಾಡಿ ಫೈಲನ್ನು ಸಿಸ್ಟಂಗೆ ಇಳಿಸಿಕೊಳ್ಳಿ. ಆಮೇಲೆ ಕಂಪ್ಯೂಟರ್‌ನ ಅಡೋಬ್ ರೀಡರ್ ತೆರೆದು, ಅದರ ಒಳಗಿನಿಂದ ಆ ಫೈಲನ್ನು ತೆರೆಯಿರಿ. ತುಂಬಿದ ಮೇಲೆ ‘ವ್ಯಾಲಿಡೇಟ್’ ಬಟನ್ ಇದ್ದರೆ ಒತ್ತಿ. ಬಿಟ್ಟ ಜಾಗಗಳನ್ನು ಅದು ಕೆಂಪು ಮಾಡಿ ತೋರಿಸುತ್ತದೆ. ಕೆಲವು ಫಾರಂಗಳಲ್ಲಿ ಎಲ್ಲ ಸರಿ ಇದ್ದರೆ ಬಾರ್‌ಕೋಡ್ ಮೂಡುತ್ತದೆ. ಹಾಗೇ ಸೇವ್ ಮಾಡಿ ಕೊಡಿ. ಇದನ್ನು ಪ್ರಿಂಟ್ ಟು ಪಿಡಿಎಫ್ ಮಾಡಿದರೆ ಒಳಗಿನ ಮಾಹಿತಿ ಹೋಗಿ ಬರೀ ಚಿತ್ರ ಉಳಿಯುತ್ತದೆ. ವೀಸಾ ಕಚೇರಿಯ ಕಂಪ್ಯೂಟರ್ ಓದಬೇಕಾದ್ದು ಆ ಮಾಹಿತಿಯನ್ನೇ. ಫೈರ್‌ಫಾಕ್ಸ್ 2021ರ 93ನೇ ಆವೃತ್ತಿಯಿಂದ ಎಕ್ಸ್‌ಎಫ್‌ಎ ಫಾರಂಗಳನ್ನು ತೋರಿಸುತ್ತದೆ, ನಿಜ. ಓದಿ ನೋಡಲು ಅನುಕೂಲ. ಆದರೆ ಯಾರದೋ ವೀಸಾ ಇದರ ಮೇಲೆ ನಿಂತಿರುವಾಗ ನಾನು ರೀಡರ್ ಬಿಟ್ಟು ಬೇರೆಯದಕ್ಕೆ ಕೈ ಹಾಕಲ್ಲ.

ಈಗ ನಿಮ್ಮ ನಿಜವಾದ ತಲೆನೋವಿಗೆ ಬರೋಣ, ಕನ್ನಡಕ್ಕೆ.

ಇಂಗ್ಲಿಷಿನಲ್ಲಿ ಒಂದು ಅಕ್ಷರ ಅಂದರೆ ಒಂದು ಆಕಾರ, ಸಾಲಾಗಿ ಜೋಡಿಸಿದರೆ ಆಯಿತು. ‘ಲಕ್ಷ್ಮಮ್ಮ’ ಅಂತ ಬರೆಯಬೇಕಾದರೆ ಕಂಪ್ಯೂಟರ್ ಎಷ್ಟೋ ಲೆಕ್ಕ ಹಾಕಬೇಕು. ಯಾವುದು ಪೂರ್ತಿ ಅಕ್ಷರ, ಯಾವುದು ಒತ್ತು, ಒತ್ತು ಎಷ್ಟು ಕೆಳಗೆ ಬರಬೇಕು. ‘ಸೂರ್ಯ’ ಅಂಥ ಪದವಾದರೆ ಅರ್ಕಾವತ್ತು ಎಲ್ಲಿ ಕೂರಬೇಕು. ವರ್ಡ್, ಅದರಂಥದೇ ಪುಕ್ಕಟೆ ಸಾಫ್ಟ್‌ವೇರ್ ಲಿಬ್ರೆಆಫೀಸ್, ಬ್ರೌಸರ್ ಇವೆಲ್ಲದರೊಳಗೆ ಈ ಲೆಕ್ಕ ಮಾಡುವ ಒಂದು ಯಂತ್ರ ಇರುತ್ತದೆ. ಪಿಡಿಎಫ್ ಫೈಲಿನಲ್ಲಿ ಅದು ಇಲ್ಲ. ಲೆಕ್ಕ ಎಲ್ಲ ಮುಗಿದ ಮೇಲೆ ‘ಈ ಆಕಾರ ಇಲ್ಲಿಡು, ಆ ಆಕಾರ ಅಲ್ಲಿಡು’ ಅನ್ನುವ ಪಟ್ಟಿಯಷ್ಟೇ ಅದರಲ್ಲಿ ಇರೋದು. ಹಾಗಾಗಿ ವರ್ಡ್‌ನಲ್ಲಿ ಬರೆದು ಪಿಡಿಎಫ್ ಮಾಡಿದ ಕನ್ನಡ ಅಂದವಾಗಿ ಕಾಣುತ್ತದೆ. ಅದೇ ಪಿಡಿಎಫ್ ಒಳಗೆ ಹೋಗಿ ಕನ್ನಡ ಟೈಪ್ ಮಾಡಿದರೆ ಆ ಲೆಕ್ಕವನ್ನು ಪಿಡಿಎಫ್ ಎಡಿಟರೇ ಮಾಡಬೇಕು. ಹೆಚ್ಚಿನವಕ್ಕೆ ಬರಲ್ಲ, ಅಥವಾ ಅರೆಬರೆ ಬರುತ್ತದೆ. ಜೊತೆಗೆ ಫಾರಂ ಮಾಡಿದವರು ಫೀಲ್ಡ್‌ಗೆ ಹೆಲ್ವೆಟಿಕಾ ಅಂಥ ಇಂಗ್ಲಿಷ್ ಫಾಂಟ್ ಕೊಟ್ಟಿರುತ್ತಾರೆ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಪರಿಣಾಮ, ಖಾಲಿ ಚೌಕಗಳು ಅಥವಾ ಬಿಡಿಬಿಡಿಯಾದ ಒತ್ತಕ್ಷರ. ಇನ್ನೂ ತಂಟೆ ಅಂದರೆ, ಟೈಪ್ ಮಾಡುವಾಗ ಸರಿಯಾಗಿ ಕಂಡು, ಸೇವ್ ಮಾಡಿ ಮತ್ತೆ ತೆರೆದಾಗ ಒಡೆದಿರಬಹುದು.

ದುಡ್ಡು ಕೊಟ್ಟರೆ ಇದು ಸರಿ ಹೋಗುತ್ತೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ದುಬಾರಿ ಎಡಿಟರ್‌ಗಳೂ ಇಲ್ಲಿ ಎಡವುತ್ತವೆ. ಯಾವುದೇ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಅದರ ಟ್ರಯಲ್ ಹಾಕಿ ಒಂದು ಸಾಲು ಟೈಪ್ ಮಾಡಿ: ‘ಶ್ರೀಮತಿ ಲಕ್ಷ್ಮಮ್ಮ, ಕೃಷ್ಣರಾಜಪೇಟೆ ತಾಲ್ಲೂಕು, ಸೂರ್ಯಕಾಂತಿ ಬೆಳೆ’. ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆಯಿರಿ. ನಿಮ್ಮ ಫೋನಿಗೂ ಕಳಿಸಿ ನೋಡಿ. ‘ಕ್ಷ್ಮ’, ‘ಷ್ಣ’, ಅರ್ಕಾವತ್ತು ಇವೆಲ್ಲ ಎರಡೂ ಕಡೆ ಸರಿ ಇದ್ದರೆ ಮಾತ್ರ ಮುಂದಿನ ಮಾತು.

ಕನ್ನಡ ಫಾರಂಗೆ ನಾನು ಹೇಳುವ ದಾರಿ ಸ್ವಲ್ಪ ಸುತ್ತು. ಆದರೆ ಅಕ್ಷರ ಒಡೆಯಲ್ಲ, ಖರ್ಚೂ ಇಲ್ಲ. ಲಿಬ್ರೆಆಫೀಸ್ ಹಾಕಿಕೊಳ್ಳಿ. ಅದು ಪೂರ್ತಿ ಪುಕ್ಕಟೆ, ಅಂಗಡಿಯ ಕೆಲಸಕ್ಕೆ ಬಳಸಲೂ ಯಾವ ಅಡ್ಡಿ ಇಲ್ಲ. ಖಾಲಿ ಫಾರಂನ ಪುಟವನ್ನು ಚಿತ್ರ ಮಾಡಿಕೊಳ್ಳಿ. ವಿಂಡೋಸ್‌ಗೆ ಸಿಗುವ ಪಿಡಿಎಫ್‌ಗಿಯರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಈ ಕೆಲಸ ಆಗುತ್ತದೆ. ಕಾಗದದ ಫಾರಂ ಇದ್ದರೆ 300 ಡಿಪಿಐ (ಚಿತ್ರ ಎಷ್ಟು ಸ್ಪಷ್ಟ ಅನ್ನುವ ಅಳತೆ) ಇಟ್ಟು ಸ್ಕ್ಯಾನ್ ಮಾಡಿದರೂ ಸರಿ. ಲಿಬ್ರೆಆಫೀಸ್‌ನಲ್ಲಿ ಚಿತ್ರದ ಕೆಲಸಕ್ಕಿರುವ ಡ್ರಾ ತೆರೆದು, ಪುಟವನ್ನು ಎ4 ಮಾಡಿ, ಆ ಚಿತ್ರವನ್ನು ಪುಟದ ತುಂಬ ಹಾಕಿ. ಚಿತ್ರದ ಸ್ಥಾನ ಅಲುಗದಂತೆ ಲಾಕ್ ಮಾಡಿ. ಅದರ ಮೇಲೆ ಬೇಕಾದ ಕಡೆ ಪಠ್ಯದ ಬಾಕ್ಸ್ ಇಟ್ಟು ಯೂನಿಕೋಡ್ (ಎಲ್ಲ ಸಿಸ್ಟಂ, ಫೋನುಗಳೂ ಗುರುತಿಸುವ ಅಕ್ಷರ ವ್ಯವಸ್ಥೆ) ಕನ್ನಡದಲ್ಲಿ ಟೈಪ್ ಮಾಡಿ. ನಿರ್ಮಲಾ ಯುಐ ಅನ್ನುವ ಕನ್ನಡ ಫಾಂಟ್ ವಿಂಡೋಸ್‌ನಲ್ಲೇ ಇದೆ. ನೋಟೊ ಸಾನ್ಸ್ ಕನ್ನಡ ಬೇಕಾದರೆ ಪುಕ್ಕಟೆ ಸಿಗುತ್ತದೆ. ಮುಗಿದ ಮೇಲೆ ಪಿಡಿಎಫ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಒತ್ತಕ್ಷರದ ಲೆಕ್ಕ ಎಲ್ಲ ಲಿಬ್ರೆಆಫೀಸ್ ಮುಗಿಸಿ ಕೊಟ್ಟಿರುತ್ತದೆ, ಹಾಗಾಗಿ ಯಾರ ಫೋನಿನಲ್ಲಿ ತೆರೆದರೂ ಒಂದೇ ತರಹ ಕಾಣುತ್ತದೆ. ಪಂಚಾಯ್ತಿ ಅರ್ಜಿಯಂಥ ಮತ್ತೆ ಮತ್ತೆ ಬರುವ ಫಾರಂ ಆದರೆ ಬಾಕ್ಸ್‌ಗಳನ್ನು ಜೋಡಿಸಿದ ಆ ಡ್ರಾ ಫೈಲನ್ನು ಮಾದರಿಯಾಗಿ ಇಟ್ಟುಕೊಳ್ಳಿ. ಮುಂದಿನ ಗಿರಾಕಿಗೆ ಹೆಸರು, ವಿಳಾಸ ಬದಲಿಸಿದರೆ ಸಾಕು.

ಶುರುವಿನಲ್ಲೇ ಒಂದು ಸೆಟ್ಟಿಂಗ್ ನೋಡಿಕೊಳ್ಳಿ. ಟೂಲ್ಸ್ ಮೆನುವಿನ ಆಪ್ಶನ್ಸ್‌ನಲ್ಲಿ ಭಾಷೆಗಳ ವಿಭಾಗಕ್ಕೆ ಹೋಗಿ. ಅಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಜಾಗದಲ್ಲಿ ಕನ್ನಡ ಆರಿಸಿ. ಲಿಬ್ರೆಆಫೀಸ್ ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ಫಾಂಟ್ ಮತ್ತು ಗಾತ್ರ ಇಟ್ಟುಕೊಳ್ಳುತ್ತದೆ. ಇದು ಗೊತ್ತಿಲ್ಲದೆ ‘ಸೈಜ್ ಬದಲಾಯಿಸಿದರೂ ಕನ್ನಡ ಬದಲಾಗ್ತಿಲ್ಲ’ ಅಂತ ಒದ್ದಾಡುವವರು ಬಹಳ.

ಡಿಟಿಪಿ ಅಂಗಡಿ ಅಂದಿರಿ, ಅಂದಮೇಲೆ ಹಳೇ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಫೈಲುಗಳೂ ನಿಮ್ಮಲ್ಲಿ ಇರುತ್ತವೆ. ಅಂಥ ಪಿಡಿಎಫ್ ಕಣ್ಣಿಗೆ ಕನ್ನಡ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಟೊಪ್ಪಿ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳು ಉದುರುತ್ತವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದಂಥವು. ಅದನ್ನು ಯೂನಿಕೋಡ್‌ಗೆ ಬದಲಿಸುವ ಪುಕ್ಕಟೆ ಪರಿವರ್ತಕಗಳಿವೆ. ಹೊಸ ಕೆಲಸವನ್ನು ಯೂನಿಕೋಡ್‌ನಲ್ಲೇ ಮಾಡಿ. ನುಡಿಯ ಕೀಲಿಮಣೆಯೇ ಕೈಗೆ ಕೂತಿದ್ದರೆ ಅದೇ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡಬಹುದು, ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ.

ಇನ್ನು ತಿದ್ದುವ ಕೆಲಸ. ಪಿಡಿಎಫ್ ತಿದ್ದುವುದಕ್ಕಾಗಿ ಹುಟ್ಟಿದ್ದಲ್ಲ. 1993ರಲ್ಲಿ ಅಡೋಬ್ ಅದನ್ನು ತಂದಾಗ ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ತರಹ ಕಾಣಲಿ ಅನ್ನೋದು ಗುರಿಯಾಗಿತ್ತು. ಒಳಗೆ ಪ್ಯಾರಾ, ಸಾಲು ಅಂತ ಇರಬೇಕೆಂದಿಲ್ಲ. ಒಂದು ಪದ ಉದ್ದ ಮಾಡಿದರೆ ಮುಂದಿನ ಪದ ಸರಿದು ಜಾಗ ಕೊಡುತ್ತೆ ಅನ್ನುವ ಖಾತ್ರಿ ಇಲ್ಲ. ಫಾಂಟ್ ಕೂಡ ಪೂರ್ತಿ ಇರೋದು ಕಡಿಮೆ, ಆ ಫೈಲಿನಲ್ಲಿ ಬಳಸಿದ ಅಕ್ಷರಗಳನ್ನಷ್ಟೇ ಸೇರಿಸಿರುತ್ತಾರೆ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ, ‘ಇದರ ವರ್ಡ್ ಫೈಲ್ ಇದೆಯಾ?’ ಇದ್ದರೆ ಅದನ್ನು ತಿದ್ದಿ ಮತ್ತೆ ಪಿಡಿಎಫ್ ಮಾಡಿ. ಇಲ್ಲದಿದ್ದರೆ, ಸರಳವಾದ ಇಂಗ್ಲಿಷ್ ಪತ್ರಗಳನ್ನು ವರ್ಡ್ 2013 ಮತ್ತು ಆಮೇಲಿನ ಆವೃತ್ತಿಗಳು ಪಿಡಿಎಫ್‌ನಿಂದಲೇ ತೆರೆಯುತ್ತವೆ. ಕೋಷ್ಟಕ, ಬಾಕ್ಸ್ ಜಾಸ್ತಿ ಇರುವ ಪುಟಕ್ಕೆ ಲಿಬ್ರೆಆಫೀಸ್ ಡ್ರಾ ಪ್ರಯತ್ನಿಸಿ. ಕನ್ನಡದ ಪಿಡಿಎಫ್ ಅನ್ನು ಹೀಗೆ ತೆರೆದರೆ ಅಕ್ಷರಗಳು ಅಸ್ತವ್ಯಸ್ತ ಆಗೋದೇ ಹೆಚ್ಚು. ಎರಡು ಪುಟ ಇದ್ದರೆ ಸುಮ್ನೆ ಹೊಸದಾಗಿ ಟೈಪ್ ಮಾಡಿ, ಅದೇ ಬೇಗ ಆಗುತ್ತೆ.

ಬಿಳಿ ಅಥವಾ ಕಪ್ಪು ಡಬ್ಬಿ ಮೇಲಿಟ್ಟು ಕೆಳಗಿನದನ್ನು ಮುಚ್ಚುವ ಅಭ್ಯಾಸ ನಮ್ಮ ಅಂಗಡಿಗಳಲ್ಲಿ ಇದೆ. ಪ್ರಿಂಟ್ ತೆಗೆಯುವುದಕ್ಕಾದರೆ ಸರಿ. ಫೈಲನ್ನೇ ಕಳಿಸುವುದಾದರೆ ಡಬ್ಬಿಯ ಕೆಳಗೆ ಹಳೆಯ ಪಠ್ಯ ಹಾಗೇ ಇರುತ್ತದೆ, ಕಾಪಿ ಮಾಡಿದರೆ ಹೊರಗೆ ಬರುತ್ತದೆ. 2019ರ ಜನವರಿಯಲ್ಲಿ ಅಮೆರಿಕದಲ್ಲಿ ಟ್ರಂಪ್ ಚುನಾವಣಾ ಪ್ರಚಾರದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ಕೋರ್ಟಿಗೆ ಕೊಟ್ಟ ಪಿಡಿಎಫ್‌ನಲ್ಲಿ ಹೀಗೇ ಆಯಿತು. ಕಪ್ಪು ಬಳಿದ ಸಾಲುಗಳನ್ನು ಪತ್ರಕರ್ತರು ಕಾಪಿ ಮಾಡಿ ಓದಿಬಿಟ್ಟರು. ಗಿರಾಕಿಯ ಆಧಾರ್ ಸಂಖ್ಯೆ ಮುಚ್ಚಬೇಕಾದರೆ, ಮುಚ್ಚಿದ ಮೇಲೆ ಪುಟವನ್ನು ಚಿತ್ರ ಮಾಡಿ, ಆ ಚಿತ್ರವನ್ನು ಪಿಡಿಎಫ್ ಮಾಡಿ ಕೊಡಿ. ಇಲ್ಲವೇ ಮಾಸ್ಕ್ ಆಗಿರುವ, ಅಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಅನ್ನೇ ಇಳಿಸಿಕೊಳ್ಳಲು ಹೇಳಿ.

ಇ-ಆಧಾರ್‌ನಂತೆ ಡಿಜಿಟಲ್ ಸಹಿ ಇರುವ ಫೈಲುಗಳನ್ನು ಮುಟ್ಟಲೇಬೇಡಿ. ಒಳಗಿನ ವಿಷಯ ಒಂದು ಚುಕ್ಕಿ ಬದಲಾದರೂ ಸಹಿ ಕೆಟ್ಟುಹೋಗುತ್ತದೆ, ತೆರೆದವರಿಗೆ ಅದು ಗೊತ್ತಾಗುತ್ತದೆ. ಅಂಕಪಟ್ಟಿಯಲ್ಲಿ ‘ಒಂದು ನಂಬರ್ ಚೇಂಜ್ ಮಾಡಿ ಸಾರ್’ ಅನ್ನುವವರೂ ಬರುತ್ತಾರೆ. ಎಲೆಕ್ಟ್ರಾನಿಕ್ ದಾಖಲೆಯನ್ನು ಹಾಗೆ ತಿದ್ದೋದೂ ಭಾರತೀಯ ನ್ಯಾಯ ಸಂಹಿತೆಯ 336ನೇ ಸೆಕ್ಷನ್ ಕೆಳಗೆ ಫೋರ್ಜರಿ ಆಗಬಹುದು. ಕೇಸು ಬಿದ್ದರೆ ಕೇಳಿದವರ ಜೊತೆ ಮಾಡಿಕೊಟ್ಟವರೂ ನಿಲ್ಲಬೇಕಾಗುತ್ತದೆ.

ಶಾಲೆಯ ಪ್ರವೇಶ ಅರ್ಜಿಗೂ ಲಿಬ್ರೆಆಫೀಸ್ ಸಾಕು, ಈ ಸಲ ಅದರಲ್ಲಿ ವರ್ಡ್‌ನಂತೆ ಇರುವ ರೈಟರ್. ಅರ್ಜಿಯನ್ನು ಮಾಮೂಲಿಯಂತೆ ಟೈಪ್ ಮಾಡಿ. ಆಮೇಲೆ ಫಾರಂ ಮೆನುವಿನಿಂದ ಖಾಲಿ ಜಾಗಕ್ಕೆ ಟೆಕ್ಸ್ಟ್ ಬಾಕ್ಸ್, ಹೌದು-ಅಲ್ಲ ಬರುವ ಕಡೆ ಚೆಕ್ ಬಾಕ್ಸ್, ತರಗತಿ ಆರಿಸಲು ಪಟ್ಟಿ ಎಳೆದು ಹಾಕಿ. ಪ್ರತಿ ಬಾಕ್ಸ್‌ಗೂ ಬೇರೆ ಹೆಸರು ಕೊಡಿ. ‘ವಿದ್ಯಾರ್ಥಿ ಹೆಸರು’, ‘ತಂದೆ ಹೆಸರು’ ಹೀಗೆ. ಎರಡಕ್ಕೆ ಒಂದೇ ಹೆಸರು ಇದ್ದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರುವ ಅಪಾಯ ಇದೆ. ಕೊನೆಗೆ ಪಿಡಿಎಫ್ ಎಕ್ಸ್‌ಪೋರ್ಟ್ ಮಾಡುವಾಗ ‘ಕ್ರಿಯೇಟ್ ಪಿಡಿಎಫ್ ಫಾರಂ’ ಅನ್ನುವ ಟಿಕ್ ಇದೆಯೇ ನೋಡಿ. ಅದಿಲ್ಲದಿದ್ದರೆ ಬಾಕ್ಸ್‌ಗಳು ಬರೀ ಚಿತ್ರ ಆಗುತ್ತವೆ. ಇಂಗ್ಲಿಷಿನಲ್ಲಿ ತುಂಬುವ ಅರ್ಜಿ ಆದರೆ ಈ ದಾರಿ ಚೆನ್ನಾಗಿದೆ. ಪೋಷಕರು ಕನ್ನಡದಲ್ಲಿ ತುಂಬಬೇಕು ಅಂದರೆ ಪಿಡಿಎಫ್ ಬೇಡ ಅಂತ ಶಾಲೆಯವರಿಗೆ ಹೇಳಿ. ಗೂಗಲ್ ಫಾರಂ ಮಾಡಿಕೊಡಿ. ಫೋನಿನಲ್ಲೇ ತುಂಬಬಹುದು, ಕನ್ನಡ ಒಡೆಯಲ್ಲ, ಎಲ್ಲರ ಮಾಹಿತಿ ಒಂದೇ ಶೀಟಿಗೆ ಬಂದು ಬೀಳುತ್ತದೆ. ಶಾಲೆಯವರಿಗೆ ನಿಜವಾಗಿ ಬೇಕಿರೋದೂ ಬಹುಶಃ ಅದೇ.

ಪಿಡಿಎಫ್ ತಿದ್ದಿಕೊಡುವ ವೆಬ್‌ಸೈಟುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವುಗಳಲ್ಲಿ ಬಹುತೇಕ ಕಡೆ ಫೈಲ್ ನಿಮ್ಮ ಸಿಸ್ಟಂ ಬಿಟ್ಟು ಯಾವುದೋ ದೇಶದ ಸರ್ವರ್‌ಗೆ ಹೋಗುತ್ತದೆ. ಕೆಲವು ಗಂಟೆಗಳಲ್ಲಿ ಅಳಿಸುತ್ತೇವೆ ಅಂತ ಬರೆದಿರುತ್ತಾರೆ, ಒಳ್ಳೆಯ ಕಂಪನಿಗಳು ಅಳಿಸುತ್ತವೆ ಕೂಡ. ಮದುವೆ ಕರೆಯೋಲೆಯನ್ನು ಹಾಕಿ. ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್, ವೈದ್ಯಕೀಯ ವರದಿ ಹಾಕಬೇಡಿ. ಅದು ನಿಮ್ಮ ಕಾಗದ ಅಲ್ಲ, ಗಿರಾಕಿಯದು. ಪುಟ ಜೋಡಿಸಲು, ಬೇರ್ಪಡಿಸಲು ಪಿಡಿಎಫ್‌ಸ್ಯಾಮ್ ಬೇಸಿಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೇ ನಡೆಯುತ್ತದೆ.

ಇಷ್ಟಾದ ಮೇಲೂ ದುಡ್ಡು ಕೊಟ್ಟು ಒಂದು ಬೇಕು ಅನ್ನಿಸಿದರೆ, ಮೊದಲು ಪಿಡಿಎಫ್-ಎಕ್ಸ್‌ಚೇಂಜ್ ಎಡಿಟರ್ ನೋಡಿ. ವಿಂಡೋಸ್‌ಗೆ ಮಾತ್ರ ಬರುತ್ತದೆ, ಹಳೇ ಸಿಸ್ಟಂನಲ್ಲೂ ಹಗುರವಾಗಿ ಓಡುತ್ತದೆ. ಅದರ ಪುಕ್ಕಟೆ ಭಾಗವೇ ಸಾಕಷ್ಟು ದೊಡ್ಡದು. ಹಣ ಕೊಡಬೇಕಾದ ಸೌಲಭ್ಯ ಬಳಸಿ ಸೇವ್ ಮಾಡಿದರೆ ಪುಟದ ಮೂಲೆಯಲ್ಲಿ ಮುದ್ರೆ ಬೀಳುತ್ತದೆ, ಹಾಗಾಗಿ ಗಿರಾಕಿಯ ಫೈಲಿನ ಮೇಲೆ ಮೊದಲ ಪ್ರಯೋಗ ಬೇಡ. ತುಂಬುವ ಫಾರಂ ಮಾಡಲು ‘ಪ್ಲಸ್’ ಆವೃತ್ತಿ ಬೇಕು. ಇದರಲ್ಲಿ ನನಗೆ ಇಷ್ಟವಾಗೋದು, ಒಂದು ಸಲ ಕೊಂಡರೆ ಆ ಆವೃತ್ತಿ ನಿಮ್ಮದು. ಒಂದು ವರ್ಷದ ಅಪ್‌ಡೇಟ್ ಜೊತೆಗೆ ಬರುತ್ತದೆ. ಆಮೇಲೆ ನವೀಕರಿಸದಿದ್ದರೂ ಇರೋದು ಕೆಲಸ ಮಾಡುತ್ತಲೇ ಇರುತ್ತದೆ. ತಿಂಗಳು ತಿಂಗಳು ಕಟ್ಟುವ ತಾಪತ್ರಯ ಇಲ್ಲ. ಅಪರೂಪಕ್ಕೊಮ್ಮೆ ದೊಡ್ಡ ಕೆಲಸ ಬಂದರೆ ಸೆಜ್ಡಾ ಅನ್ನುವ ಇನ್ನೊಂದು ಪಿಡಿಎಫ್ ಎಡಿಟರ್ ಇದೆ. ಅದರ ಡೆಸ್ಕ್‌ಟಾಪ್ ಆವೃತ್ತಿ ಫೈಲನ್ನು ಹೊರಗೆ ಕಳಿಸದೆ ಸಿಸ್ಟಂನಲ್ಲೇ ಕೆಲಸ ಮಾಡುತ್ತದೆ, ಪುಕ್ಕಟೆ ಬಳಕೆಗೆ ಮಿತಿ ಇದೆ.

ಅಕ್ರೊಬ್ಯಾಟ್ ಚಂದಾ ಕಟ್ಟುವ ಮನಸ್ಸು ಎಂದಾದರೂ ಬಂದರೆ ಒಂದು ಎಚ್ಚರ ಇರಲಿ. ‘ತಿಂಗಳಿಗೆ ಇಷ್ಟು’ ಅಂತ ತೋರಿಸುವ ಕಡಿಮೆ ಬೆಲೆ ಸಾಮಾನ್ಯವಾಗಿ ವರ್ಷದ ಕರಾರಿನದು, ಕಂತು ಮಾತ್ರ ತಿಂಗಳಿಗೆ. ನಡುವೆ ಬಿಟ್ಟರೆ ದಂಡ ಕಟ್ಟಬೇಕಾಗಬಹುದು. ಈ ದಂಡವನ್ನು ಸರಿಯಾಗಿ ತಿಳಿಸಿಲ್ಲ ಅಂತ ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ಅಡೋಬ್ ಮೇಲೆ ಮೊಕದ್ದಮೆಯನ್ನೇ ಹೂಡಿತು. ಸಣ್ಣ ಅಕ್ಷರಗಳನ್ನು ಓದಿ ಕಾರ್ಡ್ ನಂಬರ್ ಕೊಡಿ.

ಕೊನೆಗೆ ಫೈಲ್ ಗಾತ್ರ. ಅನೇಕ ಪೋರ್ಟಲ್‌ಗಳು ಸಣ್ಣ ಫೈಲ್ ಮಾತ್ರ ತೆಗೆದುಕೊಳ್ಳುತ್ತವೆ. ಮೇಲೆ ಹೇಳಿದ ಚಿತ್ರದ ದಾರಿಯಲ್ಲಿ ಮಾಡಿದ ಕನ್ನಡ ಫಾರಂ ಅದಕ್ಕಿಂತ ದೊಡ್ಡದಾಗಬಹುದು. ಲಿಬ್ರೆಆಫೀಸ್‌ನ ಎಕ್ಸ್‌ಪೋರ್ಟ್ ಪುಟದಲ್ಲೇ ಇದಕ್ಕೆ ಎರಡು ಹಿಡಿಕೆ ಇವೆ, ಜೆಪೆಗ್ ಗುಣಮಟ್ಟ ಮತ್ತು ಚಿತ್ರದ ರೆಸಲ್ಯೂಷನ್. 150 ಡಿಪಿಐ ಇಟ್ಟು ಗುಣಮಟ್ಟವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ. ಹಿನ್ನೆಲೆಯ ಚಿತ್ರವಷ್ಟೇ ಮಸುಕಾಗುತ್ತದೆ, ನೀವು ಟೈಪ್ ಮಾಡಿದ ಕನ್ನಡ ಅಕ್ಷರ ಚೂಪಾಗಿಯೇ ಉಳಿಯುತ್ತದೆ. ಬಣ್ಣ ಬೇಕಿಲ್ಲದ ಫಾರಂ ಆದರೆ ಸ್ಕ್ಯಾನ್ ಮಾಡುವಾಗಲೇ ಗ್ರೇಸ್ಕೇಲ್ (ಬೂದು ಛಾಯೆ ಮಾತ್ರ) ಆರಿಸಿ, ಗಾತ್ರ ಅಲ್ಲೇ ಸಾಕಷ್ಟು ಇಳಿಯುತ್ತದೆ.